ಕಿವಿಗೊಂದು ಪುಟ್ಟ ಕಿಟಕಿ

“ಸಾಹೇಬ್ರೇ, ಇವನಿಗೆ ಕಿವಿ ಛಲೋ ಕೇಳಸ್ತದ. ಚಾಕಲೇಟ್ ಅಂದ್ರ ಒಳಗಿನ ಖೋಲಿಯಿಂದ ಓಡಿ ಬರ್ತಾನ. ಆದ್ರ ಓದಕ್ಕ ಕೂಡು ಅಂದ್ರ ಕೇಳಸಲ್ಲ. ಬರೀ ಹಠ. ಸಾಲ್ಯಾಗ ಮಾಸ್ತರೂ ಅದೇ ಹೇಳ್ತಾರ. ನೀವಾದ್ರೂ ಒಂದಿಷ್ಟು ಬುದ್ಧಿ ಹೇಳ್ರಿ.”

ಆರು ವರ್ಷದ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಭಾಲ್ಕಿಯ ತಾಯಿಯೊಬ್ಬರು ವೈದ್ಯರ ಮುಂದೆ ಹೀಗೆ ದೂರುತ್ತಿದ್ದಾರೆ ಎಂದು ಭಾವಿಸಿಕೊಳ್ಳಿ. ಹುಡುಗ ಬಾಯಿ ತೆರೆದುಕೊಂಡೇ ಉಸಿರಾಡುತ್ತಾನೆ. ರಾತ್ರಿ ಗೊರಕೆ ಹೊಡೆಯುತ್ತಾನೆ. ಟಿ.ವಿ. ಮುಂದೆ ಎರಡು ಮೊಳ ದೂರದಲ್ಲಿ ಕುಳಿತು ಧ್ವನಿ ಏರಿಸುತ್ತಾನೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಎದುರಿಗೆ ಬಂದು ಹೇಳಿದರೆ ಮಾಡುತ್ತಾನೆ. ಕಿವಿ ನೋಯುತ್ತದೆ ಎಂದು ಅತ್ತವನಲ್ಲ. ಕಿವಿಯಿಂದ ಕೀವು ಸೋರಿಲ್ಲ, ಜ್ವರವೂ ಬಂದಿಲ್ಲ. ಇಂಥ ಹುಡುಗನಿಗೆ ಕಿವಿಯ ರೋಗವಿದೆಯೆಂದು ಯಾರಿಗೆ ತಾನೇ ಹೊಳೆಯಬೇಕು? ಬೈಗುಳ, ಕೆಲವೊಮ್ಮೆ ಏಟು, ಪ್ರಗತಿ ಪತ್ರದಲ್ಲಿ ‘ಗಮನ ಸಾಲದು’ ಎಂಬ ಒಂದು ಸಾಲು. ಇಷ್ಟರಲ್ಲೇ ಒಂದೆರಡು ವರ್ಷ ಕಳೆದುಹೋಗುತ್ತದೆ.

ಈ ಹುಡುಗನ ಎರಡೂ ಕಿವಿಗಳಲ್ಲಿ, ತಮಟೆಯ ಹಿಂಬದಿಯಲ್ಲಿ, ಅಂಟಿನಂಥ ದ್ರವ ನಿಂತಿರಬಹುದು. ಅದನ್ನು ‘ಅಂಟುಕಿವಿ’ ಎಂದು ಕರೆಯೋಣ. ಇದು ಮಕ್ಕಳಲ್ಲಿ ತೀರ ಸಾಮಾನ್ಯ. ಶಾಲೆಗೆ ಸೇರುವ ವಯಸ್ಸಿನೊಳಗೆ ಬಹುಪಾಲು ಮಕ್ಕಳಿಗೆ ಒಮ್ಮೆಯಾದರೂ ಬಂದು ಹೋಗಿರುತ್ತದೆ, ಹೆಚ್ಚಿನವರಲ್ಲಿ ತಾನಾಗಿಯೇ ಇಳಿದೂ ಹೋಗಿರುತ್ತದೆ. ಇಳಿಯದೆ ನಿಂತವರಿಗಾಗಿ ಇರುವುದೇ ಕಿವಿತಮಟೆಯಲ್ಲಿ ಒಂದು ಪುಟ್ಟ ನಳಿಕೆ ಕೂರಿಸುವ ಶಸ್ತ್ರಚಿಕಿತ್ಸೆ. ವೈದ್ಯರು ಇದನ್ನು ‘ಗ್ರಾಮೆಟ್’ ಎನ್ನುತ್ತಾರೆ. ತಾಡಪತ್ರಿಯ ಅಂಚಿನಲ್ಲಿ ಹಗ್ಗ ತೂರಿಸಲು ತೂತಿಗೆ ಲೋಹದ ಬಳೆ ಹಾಕಿರುತ್ತಾರಲ್ಲ, ಇಂಗ್ಲಿಷಿನಲ್ಲಿ ಅದರ ಹೆಸರೇ ಗ್ರಾಮೆಟ್. ಕಿವಿಯ ಗ್ರಾಮೆಟ್ಟೂ ಅದೇ ಆಕಾರದ್ದು, ಆದರೆ ಅಕ್ಕಿಕಾಳಿಗಿಂತ ಚಿಕ್ಕದು.

ದ್ರವ ನಿಲ್ಲುವುದೇಕೆ?

ನಮ್ಮ ಹಲಗಿ ಬಾರಿಸುವವರನ್ನು ಕೇಳಿ ನೋಡಿ. ಮಳೆಗಾಲದಲ್ಲಿ ಚರ್ಮ ಥಂಡಿ ಹಿಡಿದರೆ ಹಲಗಿ ‘ದಬ್’ ಎನ್ನುತ್ತದೆ, ಬೆಂಕಿಗೆ ಕಾಯಿಸಿದ ಮೇಲೆಯೇ ಗಣಗಣ ನುಡಿಯುತ್ತದೆ. ಕಿವಿಯ ತಮಟೆಯೂ ಹಾಗೆಯೇ. ಅದು ಚೆನ್ನಾಗಿ ಕಂಪಿಸಬೇಕಾದರೆ ಹೊರಗಡೆ ಗಾಳಿ ಇರುವಂತೆ ಒಳಗಡೆಯೂ, ಅಂದರೆ ಮಧ್ಯಕಿವಿಯಲ್ಲೂ, ಅಷ್ಟೇ ಒತ್ತಡದ ಗಾಳಿ ಇರಬೇಕು. ಒಳಗಿನ ಗಾಳಿಯನ್ನು ಅಲ್ಲಿಯ ಲೋಳೆಪೊರೆ ಸದಾ ಹೀರಿಕೊಳ್ಳುತ್ತಿರುತ್ತದೆ. ಹೀರಿದಷ್ಟನ್ನು ತುಂಬಿಕೊಡುವುದು ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ಒಂದು ಸಣ್ಣ ನಾಳ. ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾ ವಿಜ್ಞಾನಿ ಬಾರ್ತಲೊಮಿಯೊ ಯುಸ್ಟೇಕಿಯ ಹೆಸರಿನಿಂದ ಅದಕ್ಕೆ ಯುಸ್ಟೇಶಿಯನ್ ನಾಳ ಎಂದೇ ಹೆಸರು. ನಾವು ಉಗುಳು ನುಂಗಿದಾಗ, ಆಕಳಿಸಿದಾಗ ಅದು ಕ್ಷಣಕಾಲ ತೆರೆದುಕೊಂಡು ಒಂದು ಗುಟುಕು ಗಾಳಿಯನ್ನು ಒಳಗೆ ಬಿಡುತ್ತದೆ. ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ‘ಟಪ್’ ಎನ್ನುವುದು ಇದೇ ಕೆಲಸ.

ದೊಡ್ಡವರಲ್ಲಿ ಈ ನಾಳ ಉದ್ದ, ಇಳಿಜಾರು. ಚಿಕ್ಕ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಕಡಿಮೆ ಅಡ್ಡ. ಸಾಲದ್ದಕ್ಕೆ ಅದರ ಬಾಯಿಯ ಪಕ್ಕದಲ್ಲೇ ‘ಅಡಿನಾಯ್ಡ್’ ಎಂಬ ಮಾಂಸದ ಗಡ್ಡೆಯಿದೆ. ಪದೇ ಪದೇ ನೆಗಡಿಯಾಗುವ ಮಗುವಿನಲ್ಲಿ ನಾಳದ ಬಾಯಿ ಊದಿಕೊಂಡು ಮುಚ್ಚುತ್ತದೆ. ಒಳಗಿನ ಗಾಳಿ ಹೀರಿಹೋಗಿ, ತಮಟೆ ಒಳಕ್ಕೆ ಜಗ್ಗಿ, ಖಾಲಿಯಾದ ಜಾಗದಲ್ಲಿ ನೀರು ಜಿನುಗುತ್ತದೆ. ತಿಂಗಳುಗಟ್ಟಲೆ ನಿಂತರೆ ಆ ನೀರೇ ಅಂಟಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಬೀದರ್ ಸೀಮೆಯ ಚಳಿ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಬಾಗಿಲು ಮುಚ್ಚಿದ ಮನೆ, ಒಲೆಯ ಹೊಗೆ, ಮನೆಯೊಳಗೇ ಬೀಡಿ ಸೇದುವ ಹಿರಿಯರು, ಮಲಗಿದ ಕೂಸಿನ ಬಾಯಿಗಿಟ್ಟ ಬಾಟಲಿ, ಇವೆಲ್ಲ ಸೇರಿ ನಾಳವನ್ನು ಇನ್ನಷ್ಟು ಕೆಡಿಸುತ್ತವೆ. ಸೀಳಂಗುಳಿನ ಮಕ್ಕಳಲ್ಲಿ ನಾಳವನ್ನು ತೆರೆಯುವ ಸ್ನಾಯುವೇ ಸರಿಯಾಗಿ ಕೆಲಸ ಮಾಡದ ಕಾರಣ ಹೆಚ್ಚು ಕಡಿಮೆ ಎಲ್ಲರಿಗೂ ಈ ತೊಂದರೆ ಬರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಹೆಚ್ಚು.

ಎಷ್ಟು ಕಿವುಡು ಬರುತ್ತದೆ? ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೋಣೆಯ ಆ ತುದಿಯಲ್ಲಿ ಯಾರಾದರೂ ಮಾತನಾಡುವುದನ್ನು ಆಲಿಸಿ. ಮಾತು ಕೇಳುತ್ತದೆ, ಆದರೆ ಮಸುಕು ಮಸುಕು. ಸಾಮಾನ್ಯವಾಗಿ 25ರಿಂದ 30 ಡೆಸಿಬೆಲ್‌ನಷ್ಟು ನಷ್ಟ. ಪೂರ್ತಿ ಕಿವುಡಲ್ಲ ಎಂಬುದೇ ಇಲ್ಲಿನ ಮೋಸ. ಜೋರಾದದ್ದು, ಬೇಕಾದದ್ದು, ಎದುರಿಗೆ ತುಟಿ ನೋಡಿ ಊಹಿಸಬಹುದಾದದ್ದು ತಿಳಿಯುತ್ತದೆ, ಉಳಿದದ್ದು ಜಾರಿಹೋಗುತ್ತದೆ. ಕನ್ನಡದಲ್ಲಿ ಅರ್ಥದ ಅರ್ಧಭಾಗ ಶಬ್ದದ ಬಾಲದಲ್ಲಿರುತ್ತದೆ. ಮರಕ್ಕೆ, ಮರದಲ್ಲಿ, ಮರದಿಂದ ಎನ್ನುವಾಗ ‘ಮರ’ ಕೇಳಿ ಬಾಲ ಕೇಳದಿದ್ದರೆ ಮಗುವಿಗೆ ಏನು ತಿಳಿದೀತು?

ನಮ್ಮ ಗಡಿ ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕಿದೆ. ಭಾಲ್ಕಿ, ಔರಾದ್ ಕಡೆಯ ಎಷ್ಟೋ ಮನೆಗಳಲ್ಲಿ ಮರಾಠಿ, ಇನ್ನೆಷ್ಟೋ ಮನೆಗಳಲ್ಲಿ ಉರ್ದು ಅಥವಾ ಲಂಬಾಣಿ ಮಾತು. ಅಂಥ ಮನೆಯ ಮಗು ಕನ್ನಡ ಶಾಲೆಯಲ್ಲಿ ಹಿಂದೆ ಬಿದ್ದರೆ, “ಭಾಷೆ ಬರೋದಿಲ್ಲ, ಬರಬರುತ್ತ ಕಲಿತೀತು” ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಭಾಷೆಯ ತೊಡಕೋ ಕಿವಿಯ ತೊಡಕೋ ಎಂದು ತಿಳಿಯಲು ಸುಲಭದ ದಾರಿ ಉಂಟು. ಮಗು ಮನೆಮಾತಿನಲ್ಲೂ “ಆಂ? ಏನು?” ಎಂದು ಮತ್ತೆ ಮತ್ತೆ ಕೇಳುತ್ತಿದೆಯೇ ನೋಡಿ. ಮಗುವಿನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು, ಅದಕ್ಕೆ ಚೆನ್ನಾಗಿ ಗೊತ್ತಿರುವ ಮಾತನ್ನು ಮೆಲ್ಲಗೆ ಹೇಳಿ ನೋಡಿ. ಇದು ಪರೀಕ್ಷೆಯಲ್ಲ, ಒಂದು ಸುಳಿವು ಅಷ್ಟೆ. ಸಂದೇಹ ಬಂದರೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಬೇಕು. ಅವರು ಬೆಳಕಿನ ಉಪಕರಣದಿಂದ ತಮಟೆ ನೋಡುತ್ತಾರೆ. ಟಿಂಪನೊಮೆಟ್ರಿ ಎಂಬ ಪರೀಕ್ಷೆಯಿಂದ ತಮಟೆ ಅಲುಗಾಡುತ್ತಿದೆಯೇ ಎಂದು ಅಳೆಯುತ್ತಾರೆ. ಅದರಲ್ಲಿ ನೋವಿಲ್ಲ, ಒಂದು ನಿಮಿಷದ ಕೆಲಸ. ದ್ರವ ತುಂಬಿದ್ದರೆ ಕಾಗದದ ಮೇಲೆ ಗುಡ್ಡದ ಬದಲು ಚಪ್ಪಟೆ ಗೆರೆ ಬರುತ್ತದೆ. ನಾಲ್ಕೈದು ವರ್ಷ ದಾಟಿದ ಮಗುವಾದರೆ ಶ್ರವಣ ಪರೀಕ್ಷೆಯನ್ನೂ ಮಾಡಿಸಬಹುದು.

ಸೋರುವ ಕಿವಿ ಬೇರೆ

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ‘ಕಿವಿ ಸೋರುವುದು’ ಎಂಬ ಇನ್ನೊಂದು ಕಾಯಿಲೆ ಬಹಳ. ಅಲ್ಲಿ ತಮಟೆಯಲ್ಲಿ ಆಗಲೇ ತೂತು ಬಿದ್ದಿರುತ್ತದೆ, ಕೀವು ಹೊರಗೆ ಬರುತ್ತಿರುತ್ತದೆ. ಅದಕ್ಕೆ ಗ್ರಾಮೆಟ್ ಮದ್ದಲ್ಲ. ಕಿವಿಯನ್ನು ಒಣಗಿಸಿ, ಮುಂದೆ ತಮಟೆಗೆ ತೇಪೆ ಹಾಕುವ ಚಿಕಿತ್ಸೆ ಬೇಕು. ಸ್ರಾವ ಸ್ವಲ್ಪವೇ ಇದ್ದು ಕೆಟ್ಟ ವಾಸನೆ ಹೊಡೆಯುತ್ತಿದ್ದರಂತೂ ತಡಮಾಡಬಾರದು. ಅದು ಕಿವಿಯ ಎಲುಬನ್ನೇ ತಿನ್ನುವ ರೋಗವಾಗಿರಬಹುದು. ಹಾಗೆಯೇ ದೊಡ್ಡವರೊಬ್ಬರಿಗೆ ನೆಗಡಿಯೇನೂ ಇಲ್ಲದೆ ಒಂದೇ ಕಿವಿಯಲ್ಲಿ ದ್ರವ ನಿಂತು ವಾರಗಟ್ಟಲೆ ಹೋಗದಿದ್ದರೆ, ನಳಿಕೆಯ ಯೋಚನೆಗೆ ಮೊದಲು ಮೂಗಿನ ಹಿಂಭಾಗವನ್ನು ದುರ್ಬೀನಿನಿಂದ ನೋಡಿಸಬೇಕು. ಅಪರೂಪಕ್ಕೆ ಅಲ್ಲಿ ಗೆಡ್ಡೆ ಅಡಗಿರುತ್ತದೆ.

ಯಾವಾಗ ಬೇಕು, ಯಾವಾಗ ಬೇಡ

ದ್ರವ ಕಂಡ ದಿನವೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಬೇಕಿಲ್ಲ. ಬೇರೆ ತೊಂದರೆಯಿಲ್ಲದ ಮಗುವಾದರೆ ಮೂರು ತಿಂಗಳು ಕಾಯುವುದು ರೂಢಿ. ಆ ಅವಧಿಯಲ್ಲಿ ಹೆಚ್ಚಿನ ಮಕ್ಕಳ ಕಿವಿ ತಾನೇ ತಿಳಿಯಾಗುತ್ತದೆ. ಈ ಮೂರು ತಿಂಗಳು ಮಗುವಿನ ಕೈಗೆ ಬಾಟಲಿಗಟ್ಟಲೆ ನೆಗಡಿಯ ಸಿರಪ್ಪು, ಆಂಟಿಬಯಾಟಿಕ್ಕು ಕೊಟ್ಟರೆ ದ್ರವ ಬೇಗ ಹೋಗುತ್ತದೆಂಬುದು ಸುಳ್ಳು. ಅಂಟುಕಿವಿಗೆ ಅವುಗಳಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ಈಗ ಖಚಿತವಾಗಿದೆ. ಹೇಳಿದ್ದನ್ನು ಕೇಳಬಲ್ಲ ಮಗುವಾದರೆ, ಮೂಗಿನ ಹೊಳ್ಳೆಯಿಂದ ವಿಶೇಷ ಬಲೂನು ಊದಿಸುವ ಅಭ್ಯಾಸವನ್ನು ಕೆಲವು ವೈದ್ಯರು ಹೇಳಿಕೊಡುತ್ತಾರೆ, ಅದರಿಂದ ಕೆಲವರಿಗೆ ಪ್ರಯೋಜನವಾಗುತ್ತದೆ. ಇಷ್ಟರಲ್ಲಿ ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಮಾಸ್ತರರಿಗೆ ತಿಳಿಸಿ.

ಎರಡೂ ಕಿವಿಯಲ್ಲಿ ಮೂರು ತಿಂಗಳು ದಾಟಿಯೂ ದ್ರವವಿದ್ದು, ಕೇಳುವಿಕೆ ಕುಂದಿದ್ದರೆ ಆಗ ನಳಿಕೆಯ ಮಾತು. ಮೇಲಿಂದ ಮೇಲೆ ಕಿವಿನೋವು, ಜ್ವರ ಬರುತ್ತ ಒಳಗೆ ದ್ರವವೂ ನಿಂತಿರುವ ಮಕ್ಕಳಿಗೂ ಇದನ್ನು ಸೂಚಿಸುತ್ತಾರೆ. ಸೀಳಂಗುಳ, ಡೌನ್ ಸಿಂಡ್ರೋಮ್, ಮಾತು ತಡವಾದ ಮಕ್ಕಳ ವಿಷಯದಲ್ಲಿ ಅಷ್ಟು ದಿನ ಕಾಯದಿರಬಹುದು. ನಾಲ್ಕು ವರ್ಷ ದಾಟಿದ ಮಗುವಿಗೆ, ಅದರಲ್ಲೂ ಮೂಗು ಕಟ್ಟಿ ಗೊರಕೆ ಹೊಡೆಯುವವನಿಗೆ, ಅದೇ ಅರಿವಳಿಕೆಯಲ್ಲಿ ಅಡಿನಾಯ್ಡನ್ನೂ ತೆಗೆದರೆ ದ್ರವ ಮರಳಿ ಬರುವ ಸಂಭವ ಕಡಿಮೆ. ವೈದ್ಯರು ಹೀಗೆ ಹೇಳಿದರೆ ಗಾಬರಿಯಾಗಬೇಡಿ. ಒಂದೇ ಒಂದು ಬಾರಿ ನೋಡಿ, ಕೇಳುವಿಕೆಯ ಪರೀಕ್ಷೆಯೂ ಇಲ್ಲದೆ, “ನಾಳೆಯೇ ಆಪರೇಷನ್” ಎಂದರೆ ಮಾತ್ರ ಇನ್ನೊಬ್ಬ ತಜ್ಞರನ್ನು ಕೇಳುವುದು ಒಳ್ಳೆಯದು.

ತಮಟೆಗೆ ತೂತು ಕೊರೆಯುವ ಉಪಾಯ ಹೊಸದೇನಲ್ಲ. ಲಂಡನ್ನಿನ ಆಸ್ಟ್ಲಿ ಕೂಪರ್ 1801ರಲ್ಲೇ ಇದನ್ನು ಮಾಡಿ ಹೆಸರಾಗಿದ್ದ. ಆದರೆ ಮಾಡಿದ ತೂತು ಕೆಲವೇ ದಿನಗಳಲ್ಲಿ ಮುಚ್ಚಿಹೋಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆನ್ನಾದ ಆಡಂ ಪಾಲಿಟ್ಜರ್ ರಬ್ಬರಿನ ಬಳೆ ಕೂರಿಸಿ ನೋಡಿದ, ಅದೂ ನಿಲ್ಲಲಿಲ್ಲ. ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ 1954ರಲ್ಲಿ ಪ್ಲಾಸ್ಟಿಕ್ ನಳಿಕೆಯ ಬಗ್ಗೆ ಬರೆದ ಮೇಲೆಯೇ ಈ ಪದ್ಧತಿ ಜಗತ್ತಿನಾದ್ಯಂತ ಹರಡಿತು. ನಮ್ಮ ಬೀದರ್‌ನವರಿಗೆ ಇದರ ತತ್ವ ಹೊಸದಾಗಿ ಕಾಣಬಾರದು. ಬಹಮನಿ ಕಾಲದ ನೌಬಾದಿನ ಕರೇಜ್ ನೋಡಿದ್ದೀರಲ್ಲ, ನೆಲದಡಿಯ ಆ ನೀರಿನ ಸುರಂಗಕ್ಕೆ ಮೇಲಿನಿಂದ ಅಲ್ಲಲ್ಲಿ ಬಾವಿಯಂತೆ ತೋಡಿ ಗಾಳಿ ಬೆಳಕು ಬಿಟ್ಟಿದ್ದಾರೆ. ಮೂಗಿನ ಕಡೆಯ ದಾರಿ ಮುಚ್ಚಿದಾಗ ತಮಟೆಯ ಮೂಲಕ ಗಾಳಿಗೆ ಇನ್ನೊಂದು ದಾರಿ ಬಿಡುವುದೇ ಗ್ರಾಮೆಟ್‌ನ ಕೆಲಸ. ನಳಿಕೆ ದ್ರವವನ್ನು ಬಸಿಯಲು ಇದೆ ಎಂದು ಹಲವರು ತಿಳಿದಿದ್ದಾರೆ. ದ್ರವವನ್ನು ವೈದ್ಯರು ಅಲ್ಲೇ ಹೀರಿ ತೆಗೆಯುತ್ತಾರೆ. ಆಮೇಲೆ ನಳಿಕೆ ಇರುವುದು ಗಾಳಿಗಾಗಿ.

ಆ ಒಂದು ದಿನ

ಇದಕ್ಕಾಗಿ ಹೈದರಾಬಾದಿಗೇ ಓಡಬೇಕೆಂದಿಲ್ಲ. ಸೂಕ್ಷ್ಮದರ್ಶಕ, ಅರಿವಳಿಕೆ ತಜ್ಞರು, ಕಿವಿಯ ತಜ್ಞರು ಇರುವ ಕಡೆ ಇದು ದಿನನಿತ್ಯದ ಶಸ್ತ್ರಚಿಕಿತ್ಸೆ. 2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ, ಅಂದರೆ ಬ್ರಿಮ್ಸ್‌ನ, ಬೋಧಕ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ. ಮೊದಲು ಅಲ್ಲಿ ತೋರಿಸಿ ಕೇಳಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆ, ಅಂಗನವಾಡಿಗೆ ಬಂದಾಗ ಮಗುವಿನ ಕಿವಿಯ ಮಾತನ್ನು ನೀವಾಗಿ ಎತ್ತಿ. ಕೇಳುವಿಕೆಯ ದೋಷ ಅವರ ತಪಾಸಣೆಯ ಪಟ್ಟಿಯಲ್ಲಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಸೌಲಭ್ಯಕ್ಕಾಗಿ ರೇಷನ್ ಕಾರ್ಡು, ಆಧಾರ್ ಕಾರ್ಡು ಎರಡನ್ನೂ ಒಯ್ದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ, ಬಿಲ್ಲು ಕಟ್ಟಿದ ಮೇಲಲ್ಲ.

ಚಿಕ್ಕ ಮಕ್ಕಳು ಅಲುಗಾಡದೆ ಮಲಗಲಾರರು. ಹಾಗಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ತಂದೆತಾಯಿಗಳ ಎದೆ ಹೊಡೆದುಕೊಳ್ಳುವುದು ಇಲ್ಲಿಯೇ. “ಇಷ್ಟು ಸಣ್ಣ ಕೂಸಿಗೆ ಪೂರಾ ಪ್ರಜ್ಞೆ ತಪ್ಪಸ್ತಾರ” ಎಂದು ಮುತ್ಯಾ ಆಯಿ ಗೋಳಾಡುತ್ತಾರೆ. ಆರೋಗ್ಯವಂತ ಮಗುವಿಗೆ ತರಬೇತಾದ ಅರಿವಳಿಕೆ ತಜ್ಞರ ಕೈಯಲ್ಲಿ ಅಪಾಯ ಬಹಳ ಕಡಿಮೆ. ಆ ಅಪಾಯವನ್ನು ಇನ್ನೂ ಕಡಿಮೆ ಮಾಡುವುದು ನಿಮ್ಮ ಕೈಯಲ್ಲೇ ಇದೆ. ಹೊಟ್ಟೆ ಖಾಲಿ ಇರಬೇಕು. ಊಟ, ಹಸುವಿನ ಹಾಲು ಆರು ಗಂಟೆ ಮೊದಲು ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ, ಬರೀ ನೀರು ಎರಡು ಗಂಟೆ ಎಂಬುದು ಸಾಮಾನ್ಯ ಲೆಕ್ಕ. ನಿಮ್ಮ ವೈದ್ಯರು ಹೇಳಿದ ಹೊತ್ತೇ ಅಂತಿಮ. ಹಸಿದು ಅಳುವ ಮೊಮ್ಮಗನಿಗೆ ಆಯಿ ಸೆರಗಿನ ಮರೆಯಲ್ಲಿ ಪಾರ್ಲೆ ಬಿಸ್ಕತ್ತು ಕೊಟ್ಟಿದ್ದರೆ, ದಯವಿಟ್ಟು ಅದನ್ನು ಮುಚ್ಚಿಡಬೇಡಿ. ಹೊಟ್ಟೆಯಲ್ಲಿದ್ದದ್ದು ಪ್ರಜ್ಞೆಯಿಲ್ಲದಾಗ ಶ್ವಾಸಕೋಶಕ್ಕೆ ಇಳಿದರೆ ಅದು ನಿಜವಾದ ಅಪಾಯ. ಶಸ್ತ್ರಚಿಕಿತ್ಸೆ ಒಂದು ದಿನ ಮುಂದಕ್ಕೆ ಹೋದರೆ ಏನೂ ನಷ್ಟವಿಲ್ಲ. ಜ್ವರ, ಕೆಮ್ಮು, ಎದೆಯಲ್ಲಿ ಗೊರಗೊರ ಇದ್ದರೂ ಮೊದಲೇ ತಿಳಿಸಿ.

ಒಳಗೆ ನಡೆಯುವುದು ಹತ್ತು-ಹದಿನೈದು ನಿಮಿಷದ ಕೆಲಸ. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ, ಪಟ್ಟಿಯಿಲ್ಲ. ಕಿವಿಯ ರಂಧ್ರದ ಮೂಲಕವೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ತಮಟೆಯ ಕೆಳ-ಮುಂಭಾಗದಲ್ಲಿ ಒಂದೆರಡು ಮಿಲಿಮೀಟರ್ ಗೀರು ಹಾಕಿ, ಅಂಟನ್ನು ಹೀರಿ, ನಳಿಕೆ ಕೂರಿಸುತ್ತಾರೆ. ಮಗು ಎಚ್ಚರವಾದಾಗ ಅರ್ಧ ಗಂಟೆ ಕಿರಿಕಿರಿ ಮಾಡಿ ಅಳುವುದುಂಟು. ಅದು ಕಿವಿನೋವಿಗಿಂತ ಅರಿವಳಿಕೆಯ ಮಂಪರಿನದ್ದು. ನೀರು ಕುಡಿದು ವಾಂತಿಯಾಗದಿದ್ದರೆ ಗಂಜಿ, ಇಡ್ಲಿಯಂಥದ್ದು ಕೊಡಬಹುದು. ಬರೀ ನಳಿಕೆಯಾದರೆ ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು. ಅಡಿನಾಯ್ಡ್ ತೆಗೆದಿದ್ದರೆ ಕೆಲವರು ಒಂದು ರಾತ್ರಿ ಉಳಿಸಿಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ

ಮೊದಲ ದಿನಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕುಕ್ಕರಿನ ಸೀಟಿಗೆ, ಮಿಕ್ಸಿಗೆ, ಬೀದಿಯ ಮೋಟಾರುಬೈಕಿಗೆ ಮಗು ಬೆಚ್ಚುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ. “ಇನ್ನೇನೋ ಕೆಟ್ಟಿತು” ಎಂದು ಹೆದರಬೇಡಿ. ತಿಂಗಳುಗಳಿಂದ ಮಂದವಾಗಿದ್ದ ಲೋಕ ದಿಢೀರನೆ ಗಟ್ಟಿಯಾದದ್ದಕ್ಕೆ ಅದು ಬೆದರಿದೆ. ವಾರದೊಳಗೆ ಹೊಂದಿಕೊಳ್ಳುತ್ತದೆ. ಇಷ್ಟು ದಿನ ಕೂಗಿ ಕೂಗಿ ಮಾತಾಡುವುದು ರೂಢಿಯಾದ ಮನೆಯವರೇ ತಮ್ಮ ಧ್ವನಿ ತಗ್ಗಿಸಿಕೊಳ್ಳಬೇಕು.

ಎರಡು ಮೂರು ದಿನ ಕಿವಿಯಿಂದ ನೀರಿನಂಥ, ತುಸು ಕೆಂಪು ಬೆರೆತ ದ್ರವ ಬರಬಹುದು. ಹೊರಗೆ ಬಂದದ್ದನ್ನು ಶುಭ್ರವಾದ ಅರಳೆಯಿಂದ ಒರೆಸಿದರೆ ಸಾಕು. ಒಳಗೆ ಕಡ್ಡಿ, ಬಡ್ ಹಾಕಕೂಡದು. ಸಣ್ಣ ನೋವಿಗೆ, ಸಣ್ಣ ಜ್ವರಕ್ಕೆ ಮಗುವಿನ ತೂಕ ನೋಡಿ ವೈದ್ಯರು ಬರೆದ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಒಂದೆರಡು ದಿನದಲ್ಲಿ ಶಾಲೆಗೆ ಕಳಿಸಬಹುದು, ಆಟಕ್ಕೂ ಅಡ್ಡಿಯಿಲ್ಲ. ಲಸಿಕೆಗಳನ್ನು ನಿಲ್ಲಿಸಬೇಕಿಲ್ಲ. ವಿಮಾನ ಪ್ರಯಾಣವೂ ಮಾಡಬಹುದು, ನಳಿಕೆ ಇರುವ ಕಿವಿಗೆ ವಿಮಾನ ಇಳಿಯುವಾಗಿನ ನೋವೇ ಇಲ್ಲ.

ಕಿವಿಗೆ ಹನಿ ಹಾಕುವುದಕ್ಕೂ ಒಂದು ಕ್ರಮವಿದೆ. ಬಾಟಲಿಯನ್ನು ಎರಡು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ತಣ್ಣನೆಯ ಹನಿ ಬಿದ್ದರೆ ಮಗುವಿಗೆ ತಲೆ ಸುತ್ತುತ್ತದೆ. ಮಗ್ಗುಲಾಗಿ ಮಲಗಿಸಿ ಹನಿ ಹಾಕಿದ ಮೇಲೆ, ಕಿವಿರಂಧ್ರದ ಮುಂದಿರುವ ಸಣ್ಣ ಮೃದ್ವಸ್ಥಿಯ ಗುಬುಟನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಬಿಡಿ. ಪಂಪಿನಂತೆ ಅದು ಔಷಧಿಯನ್ನು ನಳಿಕೆಯೊಳಕ್ಕೆ ತಳ್ಳುತ್ತದೆ. ಮಗು “ಬಾಯಿ ಕಹಿ” ಎಂದರೆ ಔಷಧಿ ಕಿವಿಯಿಂದ ಗಂಟಲಿಗೆ ಇಳಿದಿದೆ ಎಂದರ್ಥ. ನಾಳ ತೆರೆದಿದೆ ಎಂಬ ಒಳ್ಳೆಯ ಸೂಚನೆ ಅದು.

ಯಾವ ಹನಿ ಎಂಬುದು ಮುಖ್ಯ. ತಮಟೆಯಲ್ಲಿ ದಾರಿ ತೆರೆದಿರುವಾಗ ಜೆಂಟಾಮೈಸಿನ್, ನಿಯೊಮೈಸಿನ್ ಇರುವ ಹನಿಗಳು ಒಳಕಿವಿಯ ನರಕ್ಕೆ ಕೆಡುಕು ಮಾಡಬಲ್ಲವು. ಗುಗ್ಗೆ ಕರಗಿಸುವ ಹನಿಗಳೂ ಸಲ್ಲವು. ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಜಾತಿಯವು ಸುರಕ್ಷಿತ. ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ “ಕಿವಿಗೊಂದು ಡ್ರಾಪ್ಸ್ ಕೊಡ್ರಿ” ಎಂದು ಕೇಳಿ ತರುವ ಅಭ್ಯಾಸ ಈ ಮಗುವಿನ ಮಟ್ಟಿಗೆ ಪೂರ್ತಿ ನಿಲ್ಲಬೇಕು. ಕಳೆದ ವರ್ಷದ ಅರ್ಧ ಬಾಟಲಿಯೂ ಬೇಡ.

ಇನ್ನು ಎಣ್ಣೆಯ ಮಾತು. ಎಳೆಗೂಸಿನಿಂದ ಹಿಡಿದು ಮುದುಕರವರೆಗೆ ಕಿವಿಗೆ ಕಾಸಿದ ಎಣ್ಣೆ ಬಿಡುವುದು ನಮ್ಮಲ್ಲಿ ಪ್ರೀತಿಯ ಕೆಲಸ. ಬೆಳ್ಳುಳ್ಳಿ ಹಾಕಿ ಕಾಸಿದ್ದು, ತುಳಸಿ ರಸ, ಉಳ್ಳಾಗಡ್ಡಿ ರಸ, ಎದೆಹಾಲು ಎಂದು ಹಲವು ಬಗೆ. ಬೇರೆ ಮಾತಿನಲ್ಲಿ ಹಿರಿಯರಿಗೆ ಎದುರಾಡದಿದ್ದರೂ ಇದೊಂದರಲ್ಲಿ ಗಟ್ಟಿಯಾಗಿ ನಿಲ್ಲಿ. ನಳಿಕೆ ಇರುವ ಕಿವಿಗೆ ಹಾಕಿದ ಎಣ್ಣೆ ಅಲ್ಲೇ ನಿಲ್ಲುವುದಿಲ್ಲ, ನೇರ ಮಧ್ಯಕಿವಿಗೆ ಇಳಿದು ಕೀವು ಹುಟ್ಟಿಸುತ್ತದೆ, ನಳಿಕೆಯನ್ನೂ ಮುಚ್ಚುತ್ತದೆ. ಸಂತೆ ಜಾತ್ರೆಗಳಲ್ಲಿ ಕಿವಿ ಸ್ವಚ್ಛ ಮಾಡುವವರ ಕೈಗೆ ಈ ಮಗುವನ್ನು ಕೊಡುವುದಂತೂ ಬೇಡವೇ ಬೇಡ.

ನೀರು: ಎಷ್ಟು ಹೆದರಬೇಕು?

ಹಿಂದೆ ನಳಿಕೆ ಹಾಕಿದ ಮಗುವಿನ ಕಿವಿಗೆ ಒಂದು ಹನಿ ನೀರು ತಾಗಬಾರದು ಎನ್ನುತ್ತಿದ್ದರು. ಈಗ ಆ ಕಟ್ಟುನಿಟ್ಟು ಸಡಿಲವಾಗಿದೆ. ನಳಿಕೆಯ ತೂತು ಎಷ್ಟು ಸಣ್ಣದೆಂದರೆ ಮೇಲಿಂದ ಬಿದ್ದ ಶುದ್ಧ ನೀರು ಸುಲಭವಾಗಿ ಒಳನುಗ್ಗದು. ಅಮೆರಿಕದ ಕಿವಿ ತಜ್ಞರ ಸಂಘದ 2013ರ ಮಾರ್ಗಸೂಚಿ, ಎಲ್ಲ ಮಕ್ಕಳಿಗೂ ಕಿವಿಬಿರಡೆ ಬೇಕಿಲ್ಲ ಎಂದಿತು. 2022ರ ಪರಿಷ್ಕರಣೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ ಅವರ ಮಾತು ಹೆಚ್ಚಾಗಿ ಕ್ಲೋರಿನ್ ಹಾಕಿದ ಈಜುಕೊಳದ ನೀರಿನದ್ದು. ನಮ್ಮ ಹುಡುಗರು ಈಜುವುದು ಹೊಲದ ಬಾವಿಯಲ್ಲಿ, ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ, ಮಾಂಜ್ರಾ ನದಿಯ ಮಡುವಿನಲ್ಲಿ. ಅದೂ ಕಟ್ಟೆಯ ಮೇಲಿಂದ ಜಿಗಿದು, ತಳ ಮುಟ್ಟಿ ಬಂದವನೇ ಗಂಡುಗಲಿ! ಆಳಕ್ಕೆ ಮುಳುಗಿದಷ್ಟೂ ನೀರಿನ ಒತ್ತಡ ಹೆಚ್ಚುತ್ತದೆ, ನೀರು ನಳಿಕೆಯೊಳಗೆ ತೂರುತ್ತದೆ. ನಿಂತ ನೀರಿನ ಕೊಳೆಯೂ ಜೊತೆಗೆ ಹೋಗುತ್ತದೆ. ಹಾಗಾಗಿ ನಳಿಕೆ ಇರುವವರೆಗೆ ಬಾವಿ, ಕೆರೆ, ಹೊಳೆ ಬೇಡ ಎಂಬುದೇ ನನ್ನ ಸಲಹೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಪದ್ಧತಿ ನಿಮಗೆ ಗೊತ್ತೇ ಇದೆ. ಇಂಥ ಕಡೆ ಮಗುವನ್ನು ಹೆಗಲ ಮೇಲೆ ಹೊತ್ತರೆ ತೊಂದರೆಯಿಲ್ಲ, ತಲೆ ಮುಳುಗಿಸಬಾರದು ಅಷ್ಟೆ.

ಸ್ನಾನದಲ್ಲಿ ಎಚ್ಚರ ಬೇಕಾದದ್ದು ಸಾಬೂನಿನ ನೀರಿಗೆ. ಸಾಬೂನು, ಶಾಂಪೂ, ಸೀಗೆಕಾಯಿ ಬೆರೆತ ನೀರು ಬರೀ ನೀರಿಗಿಂತ ಸಲೀಸಾಗಿ ಸಣ್ಣ ತೂತಿನೊಳಗೆ ನುಸುಳುತ್ತದೆ. ತಲೆಸ್ನಾನದ ದಿನ ಅರಳೆಯ ಉಂಡೆಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗೆ ಇಡಿ, ಒಳಕ್ಕೆ ತುರುಕಬೇಡಿ. ಸ್ನಾನ ಮುಗಿದೊಡನೆ ತೆಗೆದುಬಿಡಿ. ಇಡೀ ದಿನ ಅರಳೆ ತುಂಬಿಟ್ಟರೆ ಗಾಳಿಗಾಗಿ ಮಾಡಿದ ಕಿಟಕಿಗೆ ನೀವೇ ಬಾಗಿಲು ಹಾಕಿದಂತಾಯಿತು.

ಕಿವಿ ಸೋರಿದರೆ?

ನಳಿಕೆ ಇರುವಾಗ ನೆಗಡಿಯ ಬೆನ್ನಿಗೆ ಕಿವಿ ಸೋರುವುದು ಅನೇಕ ಮಕ್ಕಳಲ್ಲಿ ಒಮ್ಮೆಯಾದರೂ ಆಗುತ್ತದೆ. ಇದು ಶಸ್ತ್ರಚಿಕಿತ್ಸೆ ಕೆಟ್ಟಿತೆಂದಲ್ಲ. ಒಳಗೆ ಕಟ್ಟಿಕೊಂಡು ನೋವು ಕೊಡಬೇಕಾಗಿದ್ದ ಕೀವು ಹೊರಗೆ ದಾರಿ ಕಂಡಿದೆ ಎಂದರ್ಥ. ಇದಕ್ಕೆ ಬಾಯಲ್ಲಿ ನುಂಗುವ ಆಂಟಿಬಯಾಟಿಕ್‌ಗಿಂತ ಕಿವಿಗೆ ಹಾಕುವ ಹನಿಯೇ ಮೇಲು. ಸೋರಿದ್ದನ್ನು ಮೊದಲು ಅರಳೆಯ ಬತ್ತಿಯಿಂದ ಒರೆಸಿ, ನಂತರ ವೈದ್ಯರು ಹೇಳಿದ ಹನಿ ಹಾಕಿ. ಹೇಳಿದಷ್ಟು ದಿನ ಮಾತ್ರ ಹಾಕಿ. ತಿಂಗಳುಗಟ್ಟಲೆ ಹಾಕುತ್ತ ಹೋದರೆ ಬೂಷ್ಟು ಬೆಳೆಯುತ್ತದೆ. ವಾರವಾದರೂ ಸೋರುವುದು ನಿಲ್ಲದಿದ್ದರೆ, ಅಚ್ಚ ರಕ್ತ ಬಂದರೆ, ಜ್ವರ 102 ಡಿಗ್ರಿ ದಾಟಿದರೆ, ಕಿವಿಯ ಹಿಂದೆ ಬಾವು ಕಂಡರೆ, ತಲೆ ತಿರುಗಿ ಬೀಳುವಂತಾದರೆ, ಮುಖ ಒಂದು ಕಡೆ ಸೊಟ್ಟಗಾದರೆ ಅಂದೇ ವೈದ್ಯರನ್ನು ಕಾಣಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ಮರುಭೇಟಿಯನ್ನು. ಮಗುವಿಗೆ ಕೇಳಿಸುತ್ತಿದೆ, ಇನ್ನೇಕೆ ಬಸ್ಸಿನ ಖರ್ಚು ಎಂಬ ಲೆಕ್ಕ. ಮೊದಲ ಕೆಲವು ವಾರಗಳಲ್ಲಿ ಒಮ್ಮೆ, ಆಮೇಲೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ ತೋರಿಸಲೇಬೇಕು. ಶಸ್ತ್ರಚಿಕಿತ್ಸೆಯ ನಂತರ ಒಮ್ಮೆ ಶ್ರವಣ ಪರೀಕ್ಷೆಯೂ ಆಗಬೇಕು. ದ್ರವ ಹೋದ ಮೇಲೂ ಕೇಳುವಿಕೆ ಕಡಿಮೆಯಿದ್ದರೆ ನರದ ದೋಷವೊಂದು ಹಿಂದೆ ಅಡಗಿತ್ತೆಂದು ಆಗ ಗೊತ್ತಾಗುತ್ತದೆ. ಹೈದರಾಬಾದ್, ಲಾತೂರ್, ಸೊಲ್ಲಾಪುರಗಳಲ್ಲಿ ಮಾಡಿಸಿದವರು ಪ್ರತಿಸಲ ಅಲ್ಲಿಗೇ ಹೋಗಬೇಕಿಲ್ಲ. ಯಾವ ದಿನ, ಯಾವ ಕಿವಿಗೆ, ಯಾವ ಬಗೆಯ ನಳಿಕೆ ಎಂದು ಬರೆದ ಬಿಡುಗಡೆ ಚೀಟಿಯನ್ನು ಜೋಪಾನವಾಗಿಟ್ಟರೆ ಬೀದರಿನ ತಜ್ಞರೂ ನೋಡಬಲ್ಲರು.

ನಳಿಕೆಯಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ಮೊದಲ ಆರೆಂಟು ತಿಂಗಳು ಕೇಳುವಿಕೆ ಎದ್ದು ಕಾಣುವಂತೆ ಸುಧಾರಿಸುತ್ತದೆ. ಅಷ್ಟರಲ್ಲಿ ಮಗು ಬೆಳೆದು, ನಾಳವೂ ಬಲಿತು ತನ್ನ ಕೆಲಸ ತಾನು ಮಾಡತೊಡಗಿದರೆ ಗೆದ್ದಂತೆ. ಕೆಲವು ಮಕ್ಕಳಲ್ಲಿ ನಳಿಕೆ ಬಿದ್ದ ಮೇಲೆ ದ್ರವ ಮತ್ತೆ ತುಂಬಿ ಎರಡನೆಯ ಸಲ ಹಾಕಬೇಕಾಗುತ್ತದೆ. ತಮಟೆಯ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಉಳಿಯುವುದುಂಟು, ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ನೂರರಲ್ಲಿ ಒಬ್ಬಿಬ್ಬರಲ್ಲಿ ತೂತು ಮುಚ್ಚದೆ ಉಳಿದು, ಮುಂದೆ ತೇಪೆ ಹಾಕಬೇಕಾಗಬಹುದು. ದೀರ್ಘಕಾಲ ಇರಲೆಂದು ಹಾಕುವ ‘ಟಿ’ ಆಕಾರದ ನಳಿಕೆಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮಾತು ತಡವಾಗಿದ್ದ ಮಗುವಿಗೆ ಕಿವಿ ತೆರೆದ ಮಾತ್ರಕ್ಕೆ ಮಾತು ಬಂದುಬಿಡುವುದಿಲ್ಲ. ಕಳೆದುಹೋದ ತಿಂಗಳುಗಳ ಮಾತನ್ನು ಮನೆಯವರೇ ತುಂಬಿಕೊಡಬೇಕು. ಎದುರಿಗೆ ಕೂತು ಕಥೆ ಹೇಳಿ, ಬೇಕಾದರೆ ವಾಕ್ ಚಿಕಿತ್ಸಕರನ್ನು ಕಾಣಿ. ಮತ್ತು ‘ಹಠಮಾರಿ’ ಎಂದು ಬೈದದ್ದಕ್ಕೆ ನಿಮ್ಮ ಮನಸ್ಸು ಕುಟುಕಿದರೆ ಅದನ್ನು ಮಾಸ್ತರರಿಗೂ ಹೇಳಿ. ಅವರ ತರಗತಿಯಲ್ಲಿ ಇಂಥ ಇನ್ನೊಬ್ಬ ಹುಡುಗ ಇದ್ದಾನು.

ನಳಿಕೆಯನ್ನು ತೆಗೆಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಬೇಡ. ತಮಟೆಯ ಚರ್ಮ ಬೆಳೆಯುತ್ತ ಬೆಳೆಯುತ್ತ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಅದನ್ನು ತಾನೇ ಹೊರಕ್ಕೆ ತಳ್ಳುತ್ತದೆ, ತೂತು ತಾನೇ ಮುಚ್ಚುತ್ತದೆ. ಎರಡು ಮೂರು ವರ್ಷವಾದರೂ ಬೀಳದಿದ್ದರೆ ಮಾತ್ರ ವೈದ್ಯರು ತೆಗೆಯುತ್ತಾರೆ. ಬಿದ್ದದ್ದು ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಗುಗ್ಗೆಯ ಜೊತೆ ಬಂದು ಎಲ್ಲೋ ಕಳೆದುಹೋಗುತ್ತದೆ. ಒಂದು ಬೆಳಿಗ್ಗೆ ತಲೆದಿಂಬಿನ ಮೇಲೆ ಸಾಸಿವೆಯಷ್ಟು ದಪ್ಪದ, ನಡುವೆ ತೂತಿರುವ ನೀಲಿಯೋ ಬಿಳಿಯೋ ಮಣಿಯೊಂದು ಸಿಕ್ಕರೆ ಹುಳವೆಂದು ಹೊಸಕಿ ಎಸೆಯಬೇಡಿ. ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು, ಮುಂದಿನ ಭೇಟಿಗೆ ಹೋಗುವಾಗ ಜೊತೆಗೆ ಒಯ್ಯಿರಿ.